ಹಾಲಿನ ಡೈರಿಯ ಗೋಡೆ ಮತ್ತು ಸರೋಜಕ್ಕ

ಸರೋಜಕ್ಕ ಮನುಷ್ಯರ ಚಿತ್ರವನ್ನು ಪಾದದಿಂದ ಶುರುಮಾಡುತ್ತಿದ್ದರು. ಬಿರುಕುಬಿಟ್ಟ ಹಿಮ್ಮಡಿ, ಕಾಲುಂಗುರ, ಸೀರೆಯಂಚಿಗೆ ಮೆತ್ತಿದ ಸಗಣಿ, ಎಲ್ಲ ಮುಗಿದ ಮೇಲೆಯೇ ಮುಖ. ಯಾಕೆ ಹೀಗೆ ಎಂದರೆ, "ನಿಂತ್ಕೊಳ್ಳೋಕೆ ಮೊದ್ಲು ಜಾಗ ಬೇಕಲ್ಲ ಕಣೇ" ಅನ್ನುತ್ತಿದ್ದರು.

ಬೈರಕೂರಿನ ರೈತರ ಮನೆಯ ಹೆಣ್ಣುಮಗಳು. ಬೆಂಗಳೂರಿನಲ್ಲಿ ಚಿತ್ರಕಲೆ ಓದಿ, ಒಂದೆರಡು ಪ್ರದರ್ಶನ ಮಾಡಿ, ಅಲ್ಲಿ ನಿಲ್ಲದೆ ವಕ್ಕಲೇರಿ ಕಡೆಯ ನಮ್ಮ ಹಳ್ಳಿಗೆ ಬಂದು ಪಕ್ಕದ ಮನೆಯನ್ನು ಬಾಡಿಗೆಗೆ ಹಿಡಿದಿದ್ದರು. ಆಗ ನಾನು ಕಾಲೇಜಿಗೆ ಹೋಗುತ್ತಿದ್ದೆ. ಸಂಜೆ ನಮ್ಮ ಜಗುಲಿಯಲ್ಲಿ ಕೂತು ಅಮ್ಮನ ಉಪ್ಪುಸಾರಿಗೆ ಮುದ್ದೆ ಮುರಿಯುವಾಗಲೂ ಅವರ ಉಗುರಿನ ಸಂದಿಯಲ್ಲಿ ಬಣ್ಣ ಇರುತ್ತಿತ್ತು. "ಪ್ರದರ್ಶನದಲ್ಲಿ ಎಲ್ರೂ ಚೆನ್ನಾಗಿದೆ ಅಂತಾರೆ, ಕಾಫಿ ಕುಡೀತಾರೆ, ಹೋಗ್ತಾರೆ. ಯಾರಾದ್ರೂ ಜಗಳಕ್ಕೆ ಬಂದ್ರೆ ತಾನೇ ಚಿತ್ರ ಕೆಲ್ಸ ಮಾಡ್ತಿದೆ ಅಂತ ಗೊತ್ತಾಗೋದು" ಎನ್ನುವರು.

ಆ ಜಗಳ ನಮ್ಮೂರಲ್ಲೇ ಆಯಿತು. ಹಾಲಿನ ಸಂಘದ ಅಧ್ಯಕ್ಷರು ಡೈರಿಯ ಗೋಡೆಗೆ ಒಂದು ಸೀಮೆಹಸು ಬರೆದುಕೊಡಿ ಎಂದು ಕೇಳಿದ್ದರು. ಸರೋಜಕ್ಕ ಹಸುವನ್ನು ಮೂಲೆಯಲ್ಲಿ ನಿಲ್ಲಿಸಿ, ಗೋಡೆ ತುಂಬ ಹಾಲು ತರುವ ಹೆಂಗಸರನ್ನು ಬರೆದರು. ಎಲ್ಲರಿಗಿಂತ ಮುಂದೆ ನಮ್ಮಮ್ಮ. ಪ್ರತಿಯೊಬ್ಬರ ಕೆಳಗೂ ಅವರವರ ಹೆಸರು. ಹುಲ್ಲು ಕೊಯ್ದು ಹಾಲು ಕರೆಯುವವರು ಇವರೇ ಆದರೂ ಸಂಘದ ಸದಸ್ಯತ್ವ ಇದ್ದದ್ದು ಗಂಡಂದಿರ ಹೆಸರಲ್ಲಿ.

"ಹಸು ಬರಿ ಅಂದ್ರೆ ಇವ್ರನ್ನೆಲ್ಲ ಬರ್ದಿದ್ದೀಯಲ್ಲಮ್ಮ" ಎಂದರು ಅಧ್ಯಕ್ಷರು.

"ಹಸು ತಾನಾಗೇ ಬಂದು ಹಾಲು ಹಾಕಿ ಹೋಗುತ್ತಾ ಸ್ವಾಮಿ?" ಎಂದರು ಸರೋಜಕ್ಕ.

ಮರುದಿನ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಸುಣ್ಣದ ಬಕೆಟ್ ಹಿಡಿದು ಒಬ್ಬ ಆಳು ಬಂದು ನಿಂತಿದ್ದ. ಸರೋಜಕ್ಕ ಬೇವಿನ ಮರದ ಕೆಳಗೆ ಸುಮ್ಮನೆ ಕೂತಿದ್ದರು. ಬಾಯಿ ತೆರೆದದ್ದು, ಅಪ್ಪನ ಎದುರು ಎಂದೂ ದನಿ ಎತ್ತದ ನಮ್ಮಮ್ಮ. ಕ್ಯಾನು ಕೆಳಗಿಟ್ಟು, "ಏಮಪ್ಪಾ, ನನ್ ಮುಖಕ್ಕೆ ಸುಣ್ಣ ಬಳಿಯೋ ಮುಂಚೆ ನನ್ನ ಒಂದ್ಮಾತು ಕೇಳ್ಬೇಡ್ವಾ?" ಅಂದಳು. ಹಿಂದಿದ್ದವರೂ ಕ್ಯಾನು ಕೆಳಗಿಟ್ಟರು. ಹಾಲಿನ ವ್ಯಾನು ಬಂದು ಹಾರ್ನ್ ಹೊಡೆಯುತ್ತಿತ್ತು. ಯಾರೂ ಹಾಲು ಹಾಕಲಿಲ್ಲ. ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಕೊನೆಗೆ ಅಧ್ಯಕ್ಷರೇ ಆಳನ್ನು ಕಣ್ಸನ್ನೆ ಮಾಡಿ ಕಳಿಸಿದರು.

ಆ ವರ್ಷ ಸಂಘದ ಸಭೆಗೆ ಹೆಂಗಸರೂ ಹೋದರು. ಅಮ್ಮ ಮತ್ತು ಇನ್ನು ಕೆಲವರ ಹೆಸರಿಗೆ ಸದಸ್ಯತ್ವ ಬಂತು. ಎಷ್ಟೋ ಮನೆಗಳಲ್ಲಿ ಗಂಡಂದಿರು ಒಪ್ಪಲೇ ಇಲ್ಲ.

"ನಿಮ್ಮ ಚಿತ್ರ ಊರನ್ನ ಬದಲಾಯಿಸ್ತು ಅಕ್ಕ" ಅಂದೆ ನಾನು.

"ಚಿತ್ರ ಏನ್ ಮಾಡುತ್ತೆ, ಗೋಡೆಗೆ ಅಂಟ್ಕೊಂಡಿರುತ್ತೆ. ಅದ್ರಲ್ಲಿ ತನ್ನನ್ನ ನೋಡ್ಕೊಂಡೋಳು ಮಾಡ್ಬೇಕು ಕಣೇ."

ಹೋದ ವರ್ಷ ಶ್ವಾಸಕೋಶದ ಕಾಯಿಲೆ ಜೋರಾಗಿ ಸರೋಜಕ್ಕ ಕೋಲಾರದಲ್ಲಿ ಆಸ್ಪತ್ರೆ ಸೇರಿದರು. ಅಮ್ಮನನ್ನು ಕರೆದುಕೊಂಡು ನೋಡಲು ಹೋದೆ. ಮೂಗಿಗೆ ನಳಿಕೆ ಹಾಕಿದ್ದರು. ಮಾತಾಡಬಾರದು ಎಂದು ಡಾಕ್ಟರು ಹೇಳಿದ್ದರೂ ಸರೋಜಕ್ಕ ಅಮ್ಮನನ್ನು ಕೇಳಿದರು:

"ಸಭೇಲಿ ಈಗ್ಲೂ ಮಾತಾಡ್ತೀಯಾ ಮುನಿರತ್ನಮ್ಮ?"

"ಬಾಯಿ ತೆಗೆದ್ರೆ ಸಾಕು, ಸುಮ್ನಿರು ಅಂತಾರಕ್ಕ."

"ಸುಮ್ನಾಗ್ತೀಯಾ?"

ಅಮ್ಮ ಹೊದಿಕೆ ಸರಿಮಾಡುತ್ತ, "ಹೇಳೋದು ಮುಗಿದ್ಮೇಲೆ ಸುಮ್ನಾಗ್ತೀನಿ" ಅಂದಳು.

ಸರೋಜಕ್ಕ ನಗತೊಡಗಿದರು. ನಗು ಕೆಮ್ಮಾಯಿತು. ನರ್ಸ್ ಗದರಿಕೊಂಡು ನಮ್ಮಿಬ್ಬರನ್ನೂ ಹೊರಗೆ ಕಳಿಸಿದಳು. ಬಾಗಿಲು ಹಾಕಿದ ಮೇಲೂ ಒಳಗಿನಿಂದ ಅವರು ನಗುವುದು ಕೇಳುತ್ತಿತ್ತು. ಮತ್ತೆ ಅವರನ್ನು ನೋಡುವುದಾಗಲಿಲ್ಲ.