ಅಕ್ಕ ಉಳಿಸಿದ ಕುಲುಮೆ

ಕೊಡ್ಲಿಪೇಟೆಯಿಂದ ನಮ್ಮೂರಿಗೆ ತಿರುಗುವ ರಸ್ತೆಯಲ್ಲಿ ಒಂದು ಕುಲುಮೆ ಇದೆ. ಸುತ್ತಲಿನ ಗದ್ದೆಗಳ ಕುಡುಗೋಲು, ನೇಗಿಲಿನ ಗುಳ, ತೋಟದಲ್ಲಿ ನೆರಳುಮರಗಳ ಕೊಂಬೆ ಸವರಿ ಮರಗಸಿ ಮಾಡುವ ಕತ್ತಿ ಎಲ್ಲವೂ ತಲೆಮಾರುಗಳಿಂದ ಅಲ್ಲೇ ತಯಾರಾದವು. ನಾನು ಪಕ್ಕದ ಶಾಲೆಗೆ ಟೀಚರಾಗಿ ಬಂದಾಗ, ಪಾಠದ ನಡುವೆ ಸುತ್ತಿಗೆಯ ಸದ್ದು ಕೇಳುತ್ತಲೇ ಇರುತ್ತಿತ್ತು. ಕಮ್ಮಾರರು ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುವರು. ಎದುರು ನಿಂತು ದೊಡ್ಡ ಸುತ್ತಿಗೆ ಬೀಸುತ್ತಿದ್ದವರು ಅವರ ಹೆಂಡತಿ. ಊರಿಗೆಲ್ಲ ಅವರು ಅಕ್ಕ. ಸೆರಗನ್ನು ಸೊಂಟಕ್ಕೆ ಬಿಗಿದು, ಗಂಡನ ಕಣ್ಸನ್ನೆಯಿಂದಲೇ ಏಟಿನ ಬಿರುಸನ್ನು ಬದಲಿಸುತ್ತಿದ್ದ ಆಕೆಯನ್ನು ನೋಡಲೆಂದೇ ನಾನು ಸಂಜೆ ನಿಧಾನವಾಗಿ ನಡೆಯುತ್ತಿದ್ದೆ.

ಕಮ್ಮಾರರು ತೀರಿಕೊಂಡ ಮೇಲೆ ಕುಲುಮೆ ಮುಚ್ಚಿತು. ಮಗ ಅದರ ಮುಂದೆಯೇ ವೆಲ್ಡಿಂಗ್ ಶಾಪ್ ತೆರೆದ. ಗೇಟು, ಗ್ರಿಲ್ಲುಗಳ ಕೆಲಸದಲ್ಲಿ ಅವನಿಗೆ ಬಿಡುವೇ ಇರಲಿಲ್ಲ. ಒಂದು ಮಳೆಗಾಲದಲ್ಲಿ ಹಿಂದಿನ ಕುಲುಮೆಯ ಹೆಂಚಿನ ಮಾಡು ಕುಸಿಯಿತು. ಆ ಜಾಗವನ್ನು ಸಮ ಮಾಡಿ ಶಾಪ್ ದೊಡ್ಡದು ಮಾಡಬೇಕೆಂದು ಅವನ ಯೋಚನೆ. ನಮ್ಮ ಗೇಟಿನ ಕೀಲು ಸರಿಮಾಡಿಸಲು ನಾನು ಹೋಗಿದ್ದ ದಿನವೇ ಆ ಮಾತು ಬಂತು.

"ಅವ್ವ, ಅಲ್ಲಿ ಈಗ ಇರೋದು ಹೆಗ್ಗಣ ಮಾತ್ರ," ಎಂದ.

"ಕಬ್ಣ ಬಡಿಯೋ ಅಡಿಗಲ್ಲೈತೆ, ಒಲೆ ಐತೆ, ನಾನಿದೀನಿ. ಮಾಡು ಬಿದ್ದೈತೆ, ಅಷ್ಟೇ ತಾನೆ?" ಎಂದರು ಅಕ್ಕ. ಅವರು ನನ್ನತ್ತ ತಿರುಗಿ, "ಟೀಚರೇ, ನನ್ ಜೊತೆ ಬಾಳೆಲೆ ಊರಿಗೆ ಬತ್ತೀರಾ?" ಎಂದು ಕೇಳಿದರು.

ಬೆಂಕಿಗೆ ಗಾಳಿ ಊದುವ ಚರ್ಮದ ತಿದಿಯನ್ನು ಇಲಿಗಳು ಕಡಿದುಹಾಕಿದ್ದವು. ಅದನ್ನು ಹೊಲಿಯಬಲ್ಲ ಹಿರಿಯರೊಬ್ಬರು ಬಾಳೆಲೆ ಕಡೆ ಇದ್ದಾರೆಂದು ಯಾರೋ ಅವರಿಗೆ ಹೇಳಿದ್ದರು. ಜಿಲ್ಲೆಯ ಈ ತುದಿಯಿಂದ ಆ ತುದಿಗೆ ಹೋಗಬೇಕು. ನಾನು ಅಷ್ಟರಲ್ಲಿ ನಿವೃತ್ತಳಾಗಿದ್ದೆ. ಒಪ್ಪಿಕೊಂಡೆ.

ತಿದಿಯನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸು ಹತ್ತಿದೆವು. "ಏನಮ್ಮ ಅದು, ಆಡಾ?" ಎಂದು ಕಂಡಕ್ಟರ್ ಕೇಳಿದ.

"ಆಡೇ ಆಗಿತ್ತು ಕಣಪ್ಪ. ಈಗ ತಿದಿ," ಎಂದರು ಅಕ್ಕ. ಮುಂದಿನ ಸೀಟಿನವರೆಲ್ಲ ನಕ್ಕರು. ಮಡಿಕೇರಿಯಲ್ಲಿ, ಗೋಣಿಕೊಪ್ಪದಲ್ಲಿ ಬಸ್ಸು ಬದಲಿಸುವಾಗಲೂ ಅವರು ಆ ಗಂಟನ್ನು ನನ್ನ ಕೈಗೆ ಕೊಡಲಿಲ್ಲ.

ಬಾಳೆಲೆಯ ಹಿರಿಯರು ಚರ್ಮವನ್ನು ಬಿಡಿಸಿ ಬೆಳಕಿಗೆ ಹಿಡಿದರು. "ಇಷ್ಟು ದೂರ ತಂದಿದ್ದೀರಲ್ಲ, ಇದನ್ನ ಊದೋರು ಯಾರಿದ್ದಾರೆ?" ಎಂದರು.

"ನಾನೇ."

ಅವರು ಅಕ್ಕನನ್ನು ಒಮ್ಮೆ ನೋಡಿ, ಸೂಜಿ ತರಲು ಎದ್ದರು. ಆ ರಾತ್ರಿ ಅವರ ಮನೆಯಲ್ಲೇ ಉಳಿದೆವು. ಅವರ ಸೊಸೆ ಬಿಸಿ ಅಕ್ಕಿರೊಟ್ಟಿ ಮಾಡಿ ಬಡಿಸಿದಳು. ಮರುದಿನ ಹೊಲಿಗೆ ಮುಗಿದಾಗ ಹಿರಿಯರು ತಿದಿಯನ್ನು ಅಕ್ಕನ ಕೆನ್ನೆಯ ಬಳಿ ಹಿಡಿದು ಒತ್ತಿದರು. ಗಾಳಿ ಬಂದು ಅವರ ಮುಂಗೂದಲು ಹಾರಿತು. ಅಕ್ಕ ಕಣ್ಣು ಮುಚ್ಚಿಕೊಂಡರು.

ನಾವು ಮರಳಿ ಬಂದಾಗ ಕುಲುಮೆಯ ಬಿದ್ದ ತೊಲೆಗಳು ಕಾಣಲಿಲ್ಲ. ಅಕ್ಕ ರಸ್ತೆಯಲ್ಲೇ ನಿಂತುಬಿಟ್ಟರು. ಮಗ ಜಾಗ ಸಮ ಮಾಡಿಸಿದನೆಂದೇ ನನಗೂ ಅನ್ನಿಸಿತು. ಹತ್ತಿರ ಹೋದರೆ, ಹಳೆಯ ಗೋಡೆಗಳ ಮೇಲೆ ಕಬ್ಬಿಣದ ಹೊಸ ಚೌಕಟ್ಟು ಕೂತಿತ್ತು. ಒಡೆಯದೆ ಉಳಿದ ಹೆಂಚುಗಳನ್ನು ತೊಳೆದು ಪಕ್ಕದಲ್ಲಿ ಜೋಡಿಸಿಟ್ಟಿದ್ದ.

"ಮರ ಆದ್ರೆ ಮತ್ತೆ ಗೆದ್ದಲು ಹಿಡಿಯುತ್ತೆ ಅವ್ವ. ಇದು ನಿಲ್ಲುತ್ತೆ," ಎಂದ ಮಗ.

ಅಕ್ಕ ಸ್ಟೂಲ್ ಹತ್ತಿ ಚೌಕಟ್ಟಿನ ಬೆಸುಗೆಗಳ ಮೇಲೆ ಬೆರಳಾಡಿಸಿದರು. "ಚೆನ್ನಾಗಿ ಕೂತೈತೆ," ಎಂದರು. ವೆಲ್ಡಿಂಗ್ ಕೆಲಸವನ್ನು ಅವರು ಹೊಗಳಿದ್ದು ಅದೇ ಮೊದಲು. ಮಗ ತಲೆ ತಗ್ಗಿಸಿ ನಕ್ಕ.

ಹೆಂಚು ಏರಿಸಲು ನೆರೆಯವರೂ ಬಂದರು. ಮೊದಲ ಬೆಂಕಿಯ ದಿನ ಇದ್ದಿಲು ಕೆಂಪಾಗುತ್ತಿದ್ದಂತೆ ಮಗ ಇಕ್ಕಳ ಹಿಡಿದ, ತಾಯಿ ಸುತ್ತಿಗೆ ಎತ್ತಿದರು. "ಬೇಗ ತಿರುಗ್ಸು, ತಣ್ಣಗಾಗ್ತೈತೆ," ಎಂದು ಅವನನ್ನು ಗದರಿದರು. ಕೊನೆಗೆ ಒಂದು ಕುಡುಗೋಲು ತಯಾರಾಯಿತು, ತುಸು ಸೊಟ್ಟಗೆ. ಇಬ್ಬರೂ ಅದನ್ನು ಮಾರಲಿಲ್ಲ.

ಈಗ ಭತ್ತದ ಕೊಯ್ಲಿನ ಹುತ್ತರಿ ಹಬ್ಬ ಹತ್ತಿರ ಬಂದರೆ ಕುಲುಮೆಯ ಮುಂದೆ ಕುಡುಗೋಲು ಹಿಡಿದು ಜನ ಸೇರುತ್ತಾರೆ. ಕಳೆದ ಬಾರಿ ನಾನೂ ತೋಟದ ಕತ್ತಿ ಹಿಡಿದು ನಿಂತಿದ್ದೆ. ಅಕ್ಕ ತಿದಿಯ ಬಳಿಯಿಂದಲೇ ನನ್ನನ್ನು ಕಂಡು, "ಗದ್ದೆ ಕುಯ್ಯೋರು ಮೊದ್ಲು. ನೀವು ನಾಳೆ ಬನ್ನಿ ಟೀಚರೇ," ಎಂದರು.

ನಾನು ಸಂತೋಷದಿಂದಲೇ ಮನೆಗೆ ನಡೆದೆ.