ಪೊರೆಗೊಂದು ಪಿನ್ನು

ಪರೇಲ್‌ನ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುವ ನನ್ನನ್ನು ಗೋರೆಗಾಂವ್‌ನ ಕನ್ನಡ ಸಂಘ ಭಾಷಣಕ್ಕೆ ಕರೆದಾಗ ನನಗಿಂತ ಹೆಚ್ಚು ಬೆವರಿದ್ದು ಅಮ್ಮ. ಭಾಂಡುಪ್‌ನಲ್ಲಿ ನಮ್ಮ ಬಿಲ್ಡಿಂಗಿನಲ್ಲೇ ಇರುವ ಉಡುಪಿ ಕಡೆಯ ಅಜ್ಜ, ಆ ಸಂಘದ ಹಿರಿಯರು, ನಿನ್ನ ಮಗನಿಗೆ ಕನ್ನಡ ಬರುವುದಿಲ್ಲವೆಂದು ಅವಳನ್ನು ಸದಾ ಚುಚ್ಚುತ್ತಿದ್ದರು. ಆ ಮಾತನ್ನು ನಾನು ಸುಳ್ಳು ಮಾಡಬೇಕಿತ್ತು.

ವಿಷಯವೇನೋ ನನ್ನ ಪ್ರಾಣ: ಜೀವಕೋಶದ ಪೊರೆಯನ್ನು ಒಳಗಿನ ಎಳೆಗಳ ಚೌಕಟ್ಟಿಗೆ ಹಿಡಿದಿಡುವ ಪ್ರೋಟೀನುಗಳು. ನಿಘಂಟು ತಡಕಾಡಿ ‘ಪೊರೆಯ ರಹಸ್ಯ’ ಎಂದು ಶೀರ್ಷಿಕೆ ಕಳಿಸಿದೆ. ಸಭೆ ತುಂಬಿ ತುಳುಕುತ್ತಿತ್ತು. ಮುಂದಿನ ಸಾಲಿನವರು ಕಪ್ಪು ಕನ್ನಡಕ ಹಾಕಿ ಕೂತದ್ದು ನನ್ನ ಪ್ರಭೆ ತಡೆಯಲಾರದೆ ಎಂದುಕೊಂಡು ಕಾಲರ್ ಸರಿಮಾಡಿಕೊಂಡೆ.

ಸ್ವಲ್ಪ ಹೊತ್ತಿಗೆ ಅಜ್ಜ ಕೈ ಎತ್ತಿದರು.

“ಅದೆಲ್ಲ ಸರಿ ಮಗಾ. ನನ್ನ ಎಡಗಣ್ಣಿನ ಪೊರೆ ಈಗಲೇ ತೆಗೆಸುದಾ, ಮಳೆಗಾಲ ಕಳೆದ ಮೇಲೆಯಾ?”

“ಪೊರೆ ತೆಗೆದ್ರೆ ಖತಂ ಅಜ್ಜ,” ಎಂದುಬಿಟ್ಟೆ. ನಾನು ಹೇಳಿದ್ದು ಜೀವಕೋಶದ ಕತೆ. ಅವರು ಗಾಬರಿಯಿಂದ ಎಡಗಣ್ಣು ಮುಚ್ಚಿಕೊಂಡರು. ಆಚೀಚೆಯವರೂ ಮುಚ್ಚಿಕೊಂಡರು. ಇದು ಕಣ್ಣಿನದಲ್ಲ ಎನ್ನಲು ಬಾಯಿ ತೆರೆದರೆ ಹಿಂದಿ, ಮರಾಠಿ, ಇಂಗ್ಲಿಷ್ ಮೂರೂ ಬಂದವು, ಕನ್ನಡವೊಂದೇ ಬರಲಿಲ್ಲ. ಅಮ್ಮ ತಲೆ ತಗ್ಗಿಸಿ ಬಳೆ ತಿರುವುತ್ತಿದ್ದಳು. ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ನುಗಳು ಮಿನುಗಿದವು.

“ಅಮ್ಮ, ಒಂದು ಪಿನ್ನು ಕೊಡು.”

ಆಮೇಲೆ ಮಾತು ತಾನಾಗಿ ಬಂತು. ಕಣ್ಣಿನ ಪೊರೆ ಬೇರೆ, ಅದನ್ನು ಡಾಕ್ಟರು ಹೇಳಿದಾಗ ಧಾರಾಳ ತೆಗೆಸಬಹುದು; ನಾನು ಹೇಳಿದ್ದು ಜೀವಕೋಶದ ಪೊರೆ. ಲೋಕಲ್ ರೈಲಿನ ನೂಕಾಟದಲ್ಲೂ ಅಮ್ಮನ ಸೆರಗು ಜಾರುವುದಿಲ್ಲ, ಏಕೆಂದರೆ ಪಿನ್ನು ಅದನ್ನು ರವಿಕೆಗೆ ಹಿಡಿದಿರುತ್ತದೆ. ಕೋಶದ ಪೊರೆಯೂ ಸೆರಗಿನಷ್ಟೇ ತೆಳು, ಅಷ್ಟೇ ಚಂಚಲ. ನನ್ನ ಪ್ರೋಟೀನು ಕೆಲಸವಿಲ್ಲದಾಗ ಬಳೆಯ ಪಿನ್ನಿನ ಹಾಗೆ ತಲೆಯನ್ನು ಬಾಲಕ್ಕೆ ಸಿಕ್ಕಿಸಿಕೊಂಡು ಸುಮ್ಮನಿರುತ್ತದೆ. ಕರೆ ಬಂದರೆ ಬಿಚ್ಚಿಕೊಂಡು ತಲೆಯಿಂದ ಪೊರೆಯನ್ನು, ಬಾಲದಿಂದ ಒಳಗಿನ ಎಳೆಯನ್ನು ಹಿಡಿಯುತ್ತದೆ. ಅದು ಕೈಬಿಟ್ಟಲ್ಲಿ ಪೊರೆ ಪೂರಿಯಂತೆ ಉಬ್ಬೇಳುತ್ತದೆ. ಕಣ್ಣಿಗೆ ಕಾಣದ ಇಷ್ಟು ಚಿಕ್ಕದಕ್ಕೆ ಯಾವಾಗ ಮಡಚಿಕೊಳ್ಳಬೇಕು, ಯಾವಾಗ ಹಿಡಿಯಬೇಕೆಂಬುದು ಗೊತ್ತು. ಯಾವಾಗ ಬಾಯಿ ಮುಚ್ಚಬೇಕೆಂಬುದು ನನಗಿನ್ನೂ ಗೊತ್ತಿಲ್ಲ. ಮೈಕ್ರೋಸ್ಕೋಪಿನಲ್ಲಿ ಕೋಶದ ಅಂಚಿನುದ್ದಕ್ಕೂ ಅದು ಹಸಿರಾಗಿ ಬೆಳಗುವುದನ್ನು ಎಷ್ಟು ನೋಡಿದರೂ ನನಗೆ ಸಾಲದು.

ಸಭೆ ಮುಗಿದ ಮೇಲೆ ಅಜ್ಜ ನೇರ ಅಮ್ಮನ ಬಳಿ ಬಂದರು.

“ನಿನ್ನ ಮಗನಿಗೆ ಕನ್ನಡ ಉಂಟು ಮಾರಾಯ್ತಿ. ಪಿನ್ನು ಹಾಕಿ ನಿಲ್ಲಿಸಿದ್ದಾನೆ, ಅಷ್ಟೆ.”

ಅಮ್ಮ ಭಾಂಡುಪ್‌ವರೆಗೂ ನಗುತ್ತಲೇ ಬಂದಳು. ಪಿನ್ನನ್ನು ಮಾತ್ರ ಸಭೆಯಲ್ಲೇ ಕೇಳಿ ವಾಪಸು ಪಡೆದಿದ್ದಳು.