ಸಮುದ್ರದ ದಂಡೆಯ ಸದ್ದಿಲ್ಲದ ಮನೆ

ಅಪ್ಪನ ಗಂಟಲಿನ ಆಪರೇಷನ್‌ಗೆ ಮಿರಜದ ಡಾಕ್ಟರು ದಿನ ಗೊತ್ತು ಮಾಡಿದರು. ಜೀವಕ್ಕೆ ಭಯವಿಲ್ಲ, ಆದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕು, ಆಮೇಲೆ ಈ ಧ್ವನಿ ಮರಳಿ ಬರುವುದಿಲ್ಲ ಎಂದರು. ಅಪ್ಪ ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದುಬಿಟ್ಟರು. ಕಾರಿನಲ್ಲಿ ಕೂತ ಮೇಲೆ ಆಡಿದ್ದು ಒಂದೇ ಮಾತು. "ಒಮ್ಮೆ ಸಮುದ್ರ ನೋಡಿ ಬರೂಣು."

ಅಪ್ಪ ಸಾಂಗ್ಲಿಯ ಅರಿಶಿನ ಪೇಟೆಯಲ್ಲಿ ಅಡತಿ ವ್ಯಾಪಾರಿ. ರೈತರ ಮಾಲನ್ನು ದಲಾಲಿಗೆ ಮಾರಿಕೊಡುವ ಕೆಲಸ. ದಿನವಿಡೀ ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಮರಾಠಿಯಲ್ಲಿ ದರ ಕೂಗಿ ಕೂಗಿ ಮನೆಗೆ ಬರುವಾಗ ಅವರ ಗಂಟಲಲ್ಲಿ ಏನೂ ಉಳಿದಿರುತ್ತಿರಲಿಲ್ಲ. ನಮ್ಮದು ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜೈನರ ಮನೆ. ತಾಟಿನ ಮೇಲೆ ಕೈ ಅಡ್ಡ ಹಿಡಿದು "ಸಾಕು" ಎನ್ನುವುದೇ ಅವರು ನಮ್ಮೊಂದಿಗೆ ಆಡುವ ಮಾತು. ನಮಗೆ ಸೇರಬೇಕಾದ ಮಾತನ್ನೆಲ್ಲ ಪೇಟೆಯೇ ನುಂಗಿತ್ತು. ಉಳಿದ ನಾಲ್ಕು ದಿನವಾದರೂ ಆ ಧ್ವನಿ ನಮ್ಮದಾಗಬೇಕು ಎಂದು ನನಗೆ ಹಟ ಹತ್ತಿತು. ತಮ್ಮ ಬಾಲ್ಯದ್ದೋ, ಅಜ್ಜನದ್ದೋ, ಏನಾದರೂ ಹೇಳಲಿ, ನಾನು ಕೇಳಬೇಕು.

ನನ್ನ ತಮ್ಮ ಕೊಂಕಣದ ಒಂದು ಬೀಚ್ ರಿಸಾರ್ಟಿನ ಫೋಟೊ ತೋರಿಸಿದ. ನಾನು ಸಿಡುಕಿದೆ. "ಅಲ್ಲಿ ಸಂಜಿಮುಂದ ಸ್ಪೀಕರ್ ಹಚ್ತಾರ. ಅಪ್ಪಾ ಮಾತಾಡಿದ್ದು ಯಾರಿಗೆ ಕೇಳಬೇಕು?"

ಅಂದಿನಿಂದ ಸದ್ದಿಲ್ಲದ ಬಾಡಿಗೆ ಮನೆಯ ಹುಡುಕಾಟಕ್ಕೆ ಸಾಂಗ್ಲಿಯ ವಿಶ್ರಾಮಬಾಗದ ನಮ್ಮ ಮನೆಯಲ್ಲಿ ಫೋನು ಕೈಯಿಂದ ಕೈಗೆ ತಿರುಗಿತು. ಒಂದು ವಿಲ್ಲಾ ಹೆದ್ದಾರಿಗೆ ಅಂಟಿಕೊಂಡಿತ್ತು. ಇನ್ನೊಂದರ ಅಂಗಳದಲ್ಲಿ ಮದುವೆ ನಡೆಸುತ್ತಿದ್ದರು. ಮತ್ತೊಂದರ ಮುಂದೆ ಮೀನು ಒಣಗಹಾಕಿದ್ದ ಫೋಟೊ ನೋಡಿಯೇ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಕೊನೆಗೆ ತಮ್ಮ ತೋರಿಸಿದ್ದ ಅದೇ ರಿಸಾರ್ಟ್ ದಾಟಿ ಮುಂದೆ, ನೀರಿನ ಅಂಚಿಗೇ ಇರುವ ಒಂಟಿ ವಿಲ್ಲಾ ಸಿಕ್ಕಿತು. ಅಡುಗೆಮನೆ ನಮಗೇ ಬಿಟ್ಟಿದ್ದು. ಅದನ್ನು ನೋಡಿಕೊಳ್ಳುವವನಿಗೆ ಫೋನು ಮಾಡಿ ಗದ್ದಲವಿದೆಯೇ, ಗಾಡಿ ಓಡಾಡುತ್ತವೆಯೇ ಎಂದು ಪೊಲೀಸರ ಹಾಗೆ ವಿಚಾರಿಸಿದೆ. "ಕೋಣೀ ನಾಹೀ ತಾಈ, ಫಕ್ತ ಸಮುದ್ರ," ಎಂದ. ಯಾರೂ ಇಲ್ಲ, ಸಮುದ್ರವೊಂದೇ. ಇನ್ನೇನು ಬೇಕು ಎಂದು ನಾನು ಗೆದ್ದವಳ ಹಾಗೆ ತಮ್ಮನ ಮುಖ ನೋಡಿದೆ.

ನಮ್ಮ ಮೂಲ ಊರು ಹೊಳೆದಂಡೆಯ ಮ್ಹೈಸಾಳ. ನಮಗೆ ನೀರೆಂದರೆ ಕೃಷ್ಣೆ. ಕಬ್ಬಿನ ಹೊಲದ ಬದಿಗೆ ಅವಳು ಹರಿಯುವುದು ಕಣ್ಣಿಗೆ ಕಾಣಬೇಕೇ ಹೊರತು ಕಿವಿಗೆ ಕೇಳುವುದಿಲ್ಲ. ಮಹಾಪೂರ ಬಂದಾಗಲೂ ನೀರು ಸದ್ದಿಲ್ಲದೆ ಹೊಸ್ತಿಲು ದಾಟಿತ್ತು. ನೀರು ಗದ್ದಲ ಮಾಡೀತೆಂದು ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಲಿಲ್ಲ.

ಮಳೆಗಾಲ ಆಗಷ್ಟೇ ಮುಗಿದಿತ್ತು. ಘಾಟ್ ಇಳಿದು, ವಿಲ್ಲಾದ ಮುಂದೆ ಕಾರಿನ ಬಾಗಿಲು ತೆರೆದರೆ, ತೆರೆಗಳ ಅಬ್ಬರಕ್ಕೆ ಕಬ್ಬು ನುರಿಸುವ ಕಾರ್ಖಾನೆಯೊಳಗೆ ನಿಂತ ಹಾಗಾಯಿತು. ಅಪ್ಪ ನೀರಿನತ್ತ ಕೈ ತೋರಿಸಿ ಏನೋ ಅಂದರು. ತುಟಿ ಅಲುಗಿದ್ದಷ್ಟೇ ಕಂಡಿತು.

"ಏನಂದ್ರಿ ಅಪ್ಪಾ?"

ಅವರು ಮತ್ತೆ ಹೇಳಲು ಹೋಗಿ ಕೆಮ್ಮಿದರು. ಕಿವಿಯ ಹತ್ತಿರ ಬಂದು ತಮ್ಮ ಕೂಗಿದ, "ಭಾಳ ಶಾಂತ ಐತಿ ನೋಡಕ್ಕ!" ಅವನಿಗೊಂದು ಏಟು ಕೊಡಬೇಕೆನಿಸಿತು, ಜೊತೆಗೆ ಅಳುವೂ ಬಂತು. ಕಿಟಕಿ ಮುಚ್ಚಿದರೆ ಹೆಂಚಿನ ಸಂದಿನಿಂದ ಸದ್ದು ಇಳಿಯುತ್ತಿತ್ತು. ಗಾಳಿಮರಗಳ ಹಿಂದೆ ಅಡಗಿದ್ದ ರಿಸಾರ್ಟೇ ನಮ್ಮ ವಿಲ್ಲಾಕ್ಕಿಂತ ಶಾಂತವಾಗಿತ್ತು, ಆದರೆ ರಜೆಯ ದಿನಗಳಾದ್ದರಿಂದ ಅಲ್ಲಿ ಒಂದು ಕೋಣೆಯೂ ಖಾಲಿ ಇರಲಿಲ್ಲ.

ನಮ್ಮ ಮನೆಯಲ್ಲಿ ಸೊಸೆಯಾದವಳು ಗಂಡನ ಸರಿಸಮ ಕೂಡುವ ರೂಢಿಯಿಲ್ಲ. ಅತ್ತೆ ಮಾವ ಹೋದ ಮೇಲೂ ಅವ್ವ ಅದನ್ನು ಬಿಟ್ಟಿರಲಿಲ್ಲ. ಬಸ್ಸಿನಲ್ಲೂ ಬೇರೆ ಸೀಟು. "ನಿಮ್ಮಪ್ಪಗ ಚಾ ಬೇಕೇನ ಕೇಳು," ಎಂದು ನಮ್ಮ ಮೂಲಕವೇ ಮಾತು. ಆ ಸಂಜೆ ಬೆಳಕಿರುವಾಗಲೇ ಊಟವಾಗಿತ್ತು. ಅಪ್ಪ ಸಮುದ್ರದ ಕಡೆಯ ಹೊರಪಡಸಾಲೆಯ ತೂಗುಮಂಚದ ಮೇಲೆ ಕೂತು ಅವ್ವನಿಗೆ ಏನೋ ಹೇಳಿದರು. ಬಾಗಿಲಲ್ಲಿ ನಿಂತಿದ್ದ ಅವಳಿಗೆ ಕೇಳಲಿಲ್ಲ. ಅಪ್ಪ ತಮ್ಮ ಪಕ್ಕದ ಹಲಗೆಯನ್ನು ಅಂಗೈಯಿಂದ ತಟ್ಟಿದರು. ಅವ್ವ ಒಮ್ಮೆ ನಮ್ಮತ್ತ ನೋಡಿ, ಸೆರಗು ಸರಿಮಾಡಿಕೊಂಡು, ಹೋಗಿ ಕೂತಳು. ಅವರ ಬಾಯಿಯ ಹತ್ತಿರ ಕಿವಿ ಕೊಟ್ಟಳು.

ಅಪ್ಪ ಮಾತಾಡತೊಡಗಿದರು. ಮಾತಾಡುತ್ತಲೇ ಇದ್ದರು. ಸಮುದ್ರ ನೋಡಬೇಕೆಂದು ಬಂದವರು ಮುಳುಗುವ ಸೂರ್ಯನ ಕಡೆ ತಿರುಗಲಿಲ್ಲ. ನಾನು ಗಾಜಿನ ಬಾಗಿಲ ಹಿಂದೆ ನಿಂತಿದ್ದೆ. ಅವ್ವ ಒಮ್ಮೆ ನಕ್ಕಳು, ಒಮ್ಮೆ ಕಣ್ಣೊರೆಸಿಕೊಂಡಳು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ನೀರಿನ ನೆವ ಮಾಡಿಕೊಂಡು ಲೋಟ ಹಿಡಿದು ಹತ್ತಿರ ಹೋದೆ. ಅಪ್ಪ ಮಾತು ನಿಲ್ಲಿಸಿ, ಲೋಟ ತೆಗೆದುಕೊಂಡು, ನಾನು ಒಳಗೆ ಹೋಗುವುದನ್ನೇ ಕಾದರು. ಅಲ್ಲಿದ್ದಷ್ಟು ದಿನವೂ ಹೀಗೇ ಆಯಿತು.

ಆಪರೇಷನ್ ಚೆನ್ನಾಗಿ ಆಯಿತು. ಅಪ್ಪ ಈಗ ಗುಣವಾಗಿದ್ದಾರೆ, ಬೇಕಾದ್ದನ್ನು ಸನ್ನೆಯಲ್ಲೇ ಕೇಳುತ್ತಾರೆ. ಮೊನ್ನೆ ಅವ್ವ ಮೆಂತೆಪಲ್ಲೆ ಸೋಸುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

"ಅವ್ವಾ, ಅಲ್ಲಿ ಅಪ್ಪಾ ಏನೇನ ಹೇಳಿದ್ರು? ನಮಗೂ ಒಂದೀಟು ಹೇಳು."

ಅವಳು ತಲೆ ಎತ್ತಲಿಲ್ಲ. "ನಿನಗ ಹೇಳೂದಿದ್ರ ನಿನ್ನ ಕರೀತಿದ್ರು. ಇಷ್ಟು ವರ್ಷದಾಗ ಒಮ್ಮೆ ನನಗ ಹೇಳ್ಯಾರ. ನಾ ಅದನ್ನ ಯಾರಿಗೂ ಹಂಚಂಗಿಲ್ಲ."